ಸೂಪರ್‌ಮಾರ್ಕೆಟ್‌ನ ಬಿಲ್, ಕಾಗದನಗರದ ಸಂಬಳ

ವಾರದ ದಿನಸಿಯನ್ನೆಲ್ಲ ದುಬಾರಿ ಸೂಪರ್‌ಮಾರ್ಕೆಟ್‌ನಲ್ಲೇ ಕೊಂಡು ಸಂಸಾರ ತೂಗಿಸಬಹುದೇ ಎಂಬುದು ಬೆಲೆಯೊಂದರಿಂದಲೇ ತೀರ್ಮಾನವಾಗುವ ಮಾತಲ್ಲ. ಮನೆಗೆ ಬರುವ ಹಣವೆಷ್ಟು, ಅದು ತಿಂಗಳ ಯಾವ ದಿನ ಕೈಸೇರುತ್ತದೆ, ಯಾವ ಸಾಮಾನು ಯಾವ ಅಂಗಡಿಯಿಂದ ಬರುತ್ತದೆ ಎಂಬುದೆಲ್ಲ ಸೇರಿ ಅದನ್ನು ನಿರ್ಧರಿಸುತ್ತದೆ. ಕೇಂದ್ರ ಸರ್ಕಾರದ 2023–24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಕರ್ನಾಟಕದ ನಗರಗಳಲ್ಲಿ ಒಬ್ಬರ ಸರಾಸರಿ ಮಾಸಿಕ ಖರ್ಚು 8,076 ರೂಪಾಯಿ, ಹಳ್ಳಿಗಳಲ್ಲಿ 4,903 ರೂಪಾಯಿ. ದೇಶದ ನಗರಗಳ ಒಟ್ಟು ಲೆಕ್ಕದಲ್ಲಿ ಖರ್ಚಿನ ಶೇ 40ಕ್ಕೆ ತುಸು ಕಡಿಮೆ ಪಾಲು ಊಟ ತಿಂಡಿಗೆ ಹೋಗುತ್ತದೆ. ಈ ಎರಡನ್ನು ಕೂಡಿಸಿ ನೋಡಿದರೆ ನಾಲ್ಕು ಜನರ ಮನೆಗೆ ಆಹಾರದ ವೆಚ್ಚ ತಿಂಗಳಿಗೆ ಸುಮಾರು 12,800 ರೂಪಾಯಿ, ವಾರಕ್ಕೆ ಹತ್ತಿರಹತ್ತಿರ 3,000 ರೂಪಾಯಿ ಆಗುತ್ತದೆ. ಇದೇ ಸಾಮಾನು ಒಂದು ಅಂಗಡಿಯಲ್ಲಿ ಶೇ 10ರಷ್ಟು ತುಟ್ಟಿಯಾದರೆ ವಾರಕ್ಕೆ 300, ವರ್ಷಕ್ಕೆ 15,600 ರೂಪಾಯಿ ಹೆಚ್ಚಿಗೆ ಹೋಗುತ್ತದೆ. ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯೊಡತಿಗೆ ಬರುವ ತಿಂಗಳ 2,000 ರೂಪಾಯಿಯ ಲೆಕ್ಕದಲ್ಲಿ ಇದು ಸುಮಾರು ಎಂಟು ತಿಂಗಳ ಹಣ.

ಇವು ಸರಾಸರಿಗಳು. ಶಿವಮೊಗ್ಗ ಜಿಲ್ಲೆಯ ಭದ್ರಾವತಿಯ ಕೂಲಿಕಾರರ ಮನೆಯ ಖರ್ಚು ಇದಕ್ಕಿಂತ ಕಡಿಮೆ, ಅದರಲ್ಲಿ ಆಹಾರದ ಪಾಲು ಇದಕ್ಕಿಂತ ಹೆಚ್ಚು. ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್‌ಸ್ಟ್ ಎಂಗೆಲ್ 1857ರಲ್ಲಿ ಬೆಲ್ಜಿಯಂ ಕಾರ್ಮಿಕ ಕುಟುಂಬಗಳ ಖರ್ಚುಪಟ್ಟಿಗಳನ್ನು ಪರಿಶೀಲಿಸಿ ತೋರಿಸಿದ್ದು ಇದನ್ನೇ: ಆದಾಯ ಇಳಿದಷ್ಟೂ ಅದರಲ್ಲಿ ಊಟಕ್ಕೆ ಹೋಗುವ ಭಾಗ ಏರುತ್ತದೆ. ಹೀಗಾಗಿ ಬೆಲೆಯ ಸಣ್ಣ ವ್ಯತ್ಯಾಸವೂ ಬಡವರ ಮನೆಗೇ ಹೆಚ್ಚು ಭಾರ.

ಭದ್ರಾವತಿಯ ಕಾಗದನಗರ ಹುಟ್ಟಿದ್ದೇ ಸಂಬಳದ ಮೇಲೆ. ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು, 1977ರಲ್ಲಿ ಸರ್ಕಾರಿ ಕಂಪನಿಯಾಯಿತು. ಪಕ್ಕದಲ್ಲೇ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ ಇತ್ತು. ಎರಡೂ ಕಾರ್ಖಾನೆಗಳ ಕಾರ್ಮಿಕರ ಮನೆಗಳಲ್ಲಿ ದಿನಸಿ ಎಂದರೆ ತಿಂಗಳ ಸಾಮಾನು. ಸಂಬಳವಾದ ಮೇಲೆ ಚೀಟಿ ಬರೆದುಕೊಟ್ಟರೆ ಅಂಗಡಿಯವರು ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ ಕಟ್ಟಿಕೊಡುವರು. ಕೈಯಲ್ಲಿ ಕಾಸಿಲ್ಲದ ತಿಂಗಳು ಲೆಕ್ಕದ ಪುಸ್ತಕದಲ್ಲಿ ಉದ್ರಿ ಬರೆದುಕೊಳ್ಳುವರು. 2015ರಲ್ಲಿ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದು, ಗುತ್ತಿಗೆ ಕಾರ್ಮಿಕರು ಧರಣಿ ಕೂರಬೇಕಾಯಿತು. ತಿಂಗಳ ಮೊದಲ ವಾರ ತಪ್ಪದೆ ಕೈಸೇರುತ್ತಿದ್ದ ಸಂಬಳದ ಜಾಗದಲ್ಲಿ ಪಿಂಚಣಿ, ದಿನಗೂಲಿ, ಹೊರಗೆ ದುಡಿಯುವ ಮಕ್ಕಳು ಕಳಿಸುವ ಹಣ ಬಂದು ಕೂತವು. ಹೀಗೆ ಹಣ ಬಿಡಿಬಿಡಿಯಾಗಿ ಬರುವ ಮನೆಯಲ್ಲಿ ಕೊಳ್ಳುವುದೂ ಬಿಡಿಬಿಡಿಯಾಗುತ್ತದೆ. ತಿಂಗಳ ಚೀಟಿ ವಾರದ ಚೀಟಿಯಾಗಿದ್ದರ ಹಿಂದೆ ಹೊಸ ಅಭ್ಯಾಸಕ್ಕಿಂತ ಈ ಬದಲಾವಣೆಯ ಒತ್ತಡವೇ ದೊಡ್ಡದು.

ಶಿವಮೊಗ್ಗ ಇಲ್ಲಿಂದ ಇಪ್ಪತ್ತು ಕಿಲೋಮೀಟರಿನೊಳಗೇ ಇದೆ. ಗಾಂಧಿ ಬಜಾರಿನ ದಿನಸಿ ಅಂಗಡಿಗಳೂ, ಈಚಿನ ವರ್ಷಗಳಲ್ಲಿ ಬಂದ ದೊಡ್ಡ ಸೂಪರ್‌ಮಾರ್ಕೆಟ್‌ಗಳೂ ಅಲ್ಲಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾರಿಗೆ ನಿಗಮದ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಖಾಸಗಿ ಬಸ್ಸುಗಳೇ ಹೆಚ್ಚಾಗಿದ್ದ ಈ ಜಿಲ್ಲೆಯಲ್ಲಿ ಸರ್ಕಾರಿ ಬಸ್ಸಿಗೆ ಕಾಯುವುದು ಕೆಲವೊಮ್ಮೆ ಅನಿವಾರ್ಯ, ಆದರೂ ಪ್ರಯಾಣದ ಖರ್ಚು ಇಳಿದಿದೆ. ಅಂಗಡಿಯಿಂದ ಅಂಗಡಿಗೆ ಬೆಲೆ ಹೋಲಿಸಿ ನೋಡುವ ಅವಕಾಶ ಭದ್ರಾವತಿಯ ಹೆಣ್ಣುಮಕ್ಕಳಿಗೆ ಇಷ್ಟು ಸಲೀಸಾಗಿ ಹಿಂದೆ ಇರಲಿಲ್ಲ.

ಹೋಲಿಕೆ ಶುರುವಾಗಬೇಕಾದ್ದು ಅಕ್ಕಿಯಿಂದ. ಭದ್ರಾ ನಾಲೆಯ ನೀರಿಗೆ ಬೆಳೆವ ಭತ್ತ ಸುತ್ತಮುತ್ತಲ ಗಿರಣಿಗಳಲ್ಲೇ ಅಕ್ಕಿಯಾಗುತ್ತದೆ. ಅದು ಹೆಸರು ಹೊತ್ತ ಐದು ಕಿಲೋ ಚೀಲಕ್ಕೆ ಇಳಿದಾಗ ಬೆಲೆ ಏರುವುದಕ್ಕೆ ಪ್ಯಾಕಿಂಗ್, ಜಾಹೀರಾತು, ಹವಾನಿಯಂತ್ರಿತ ಮಳಿಗೆಯ ಬಾಡಿಗೆ ಮಾತ್ರ ಕಾರಣವಲ್ಲ, ತೆರಿಗೆಯೂ ಕಾರಣ. 2022ರ ಜುಲೈ 18ರಿಂದ ಲೇಬಲ್ ಅಂಟಿಸಿ ಮೊದಲೇ ಪ್ಯಾಕ್ ಮಾಡಿದ, 25 ಕಿಲೋವರೆಗಿನ ಅಕ್ಕಿ, ಗೋಧಿ, ಬೇಳೆ, ಹಿಟ್ಟುಗಳ ಮೇಲೆ ಶೇ 5ರ ಜಿಎಸ್‌ಟಿ ಇದೆ. ಮೂಟೆಯಿಂದ ತೂಗಿ ಕೊಡುವ ಬಿಡಿ ಧಾನ್ಯಕ್ಕೆ ಇಲ್ಲ. 25 ಕಿಲೋ ಮೀರಿದ ಚೀಲಕ್ಕೂ ಇಲ್ಲ. 26 ಕಿಲೋ ಅಕ್ಕಿ ಚೀಲಗಳು ಅಂಗಡಿಗಳಲ್ಲಿ ಕಾಣಿಸಿಕೊಂಡದ್ದು ಇದೇ ಕಾರಣಕ್ಕೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ಬೆಣ್ಣೆ, ತುಪ್ಪ, ಬಿಸ್ಕತ್ತು, ಸೋಪು, ಟೂತ್‌ಪೇಸ್ಟ್‌ಗಳ ತೆರಿಗೆ ಶೇ 5ಕ್ಕೆ ಇಳಿಯಿತು. ಪ್ಯಾಕೆಟ್ ಅಕ್ಕಿ ಬೇಳೆಯ ಶೇ 5 ಹಾಗೇ ಉಳಿಯಿತು. ಬಡವರ ತಟ್ಟೆಯ ಮುಖ್ಯ ಪದಾರ್ಥವನ್ನು ಬಿಸ್ಕತ್ತು, ತುಪ್ಪಗಳ ಸಾಲಿನಲ್ಲಿ ಕೂರಿಸಿದ ಈ ಏರ್ಪಾಡು ನ್ಯಾಯವಾದದ್ದಲ್ಲ. ಅದು ಬದಲಾಗುವವರೆಗೆ ಬಿಡಿ ಅಕ್ಕಿ, ಇಲ್ಲವೇ ಎರಡು ಮನೆಯವರು ಸೇರಿ ಕೊಂಡು ಹಂಚಿಕೊಳ್ಳುವ 26 ಕಿಲೋ ಚೀಲವೇ ಮೇಲು. ಕಿಲೋಗೆ 8 ರೂಪಾಯಿ ವ್ಯತ್ಯಾಸ ಎಂದಿಟ್ಟುಕೊಂಡರೂ ತಿಂಗಳಿಗೆ 25 ಕಿಲೋ ಅಕ್ಕಿ ಬೇಯುವ ಮನೆಗೆ 200 ರೂಪಾಯಿ ಉಳಿಯುತ್ತದೆ. ರಾಗಿ, ಗೋಧಿಯ ಮಾತೂ ಇದೇ. ಕಾಳು ತಂದು ಆರಿಸಿ ಹಿಟ್ಟಿನ ಗಿರಣಿಯಲ್ಲಿ ಬೀಸಿಸಿದರೆ ಹಣ ಉಳಿಯುತ್ತದೆ, ಹಿಟ್ಟಿನಲ್ಲಿ ಏನಿದೆ ಎಂಬುದೂ ಗೊತ್ತಿರುತ್ತದೆ.

ಆದ್ಯತಾ ಪಡಿತರ ಚೀಟಿ ಇರುವ ಮನೆಗಳಿಗೆ ಲೆಕ್ಕ ಇನ್ನೂ ಬೇರೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ ಧಾನ್ಯ ಸಲ್ಲುತ್ತದೆ. 2023ರ ಜನವರಿಯಿಂದ ಅದು ಪೂರ್ತಿ ಉಚಿತ. ನಾಲ್ವರ ಮನೆಗೆ 20 ಕಿಲೋ ಆಯಿತು. 2013ರಲ್ಲೇ ಶುರುವಾದ ರಾಜ್ಯದ ಅನ್ನಭಾಗ್ಯವೂ ಇದಕ್ಕೆ ಸೇರಿಕೊಂಡಿದೆ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಲ್ಲಲು ಸಂಕೋಚಪಟ್ಟು ಅದನ್ನು ಬಿಟ್ಟುಕೊಡುವ ಕುಟುಂಬ ತನ್ನ ವಾರದ ಖರ್ಚನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ.

ತರಕಾರಿಯಲ್ಲಿ ಸೂಪರ್‌ಮಾರ್ಕೆಟ್‌ ಸಂತೆಗೆ ಸಾಟಿಯಾಗುವುದು ಅಪರೂಪ. ತೊಳೆದು, ಆರಿಸಿ, ತಂಪಿನಲ್ಲಿಟ್ಟ ಸೊಪ್ಪಿನ ಬೆಲೆಯಲ್ಲಿ ಬಾಡಿ ಎಸೆದ ಸೊಪ್ಪಿನ ಬೆಲೆಯೂ ಸೇರಿರುತ್ತದೆ. ಸಂತೆಯಲ್ಲಿ ಸಂಜೆಯಾದಂತೆ ದರ ಇಳಿಯುತ್ತದೆ, ಏಕೆಂದರೆ ಉಳಿದ ಮಾಲನ್ನು ರೈತ ಹೊತ್ತೊಯ್ಯುವಂತಿಲ್ಲ. ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಾಪ್‌ಕಾಮ್ಸ್ ಬೆಳೆಗಾರ ಮತ್ತು ಕೊಳ್ಳುವವರ ನಡುವಿನ ಅಂತರ ಕಡಿಮೆ ಮಾಡಲೆಂದೇ ಹುಟ್ಟಿದ್ದು. ಆದರೂ ಕಾಲಕಾಲಕ್ಕೆ ದರ ಹಾರುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗ ಸಂತೆ, ಸೂಪರ್‌ಮಾರ್ಕೆಟ್ ಎರಡೂ ಕಡೆ ಕೈಸುಟ್ಟಿತು. ಅಂಥ ವಾರಗಳಲ್ಲಿ ಸಾರಿಗೆ ಹುಣಸೆಹಣ್ಣು ಸಾಕು. ಮಲೆನಾಡಿನ ಅಡುಗೆಯಲ್ಲಿ ಹುಳಿಗೆ ಟೊಮೆಟೊ ಒಂದೇ ದಾರಿಯಾಗಿ ಎಂದೂ ಇರಲಿಲ್ಲ.

ಹಾಲಿನಲ್ಲಿ ಅಂಗಡಿ ಬದಲಿಸಿ ಲಾಭವಿಲ್ಲ. ಶಿವಮೊಗ್ಗ ಭದ್ರಾವತಿ ನಡುವಿನ ಮಾಚೇನಹಳ್ಳಿಯಲ್ಲಿರುವ ಶಿವಮೊಗ್ಗ ಹಾಲು ಒಕ್ಕೂಟದ (ಶಿಮುಲ್) ಡೇರಿಯಿಂದ ಬರುವ ನಂದಿನಿ ಪಾಕೆಟ್‌ಗೆ ಎಲ್ಲೆಡೆ ಒಂದೇ ದರ. ಗಮನಿಸಬೇಕಾದ್ದು ಪಾಕೆಟ್‌ನ ಅಳತೆಯನ್ನು. 2024ರ ಜೂನ್‌ನಲ್ಲಿ ಕರ್ನಾಟಕ ಹಾಲು ಮಹಾಮಂಡಳ ಪ್ರತಿ ಪಾಕೆಟ್‌ಗೆ 50 ಮಿಲಿಲೀಟರ್ ಹಾಲು ಸೇರಿಸಿ 2 ರೂಪಾಯಿ ಹೆಚ್ಚಿಸಿತು. 2025ರ ಏಪ್ರಿಲ್ 1ರಂದು ಆ ಹೆಚ್ಚುವರಿ ಹಾಲನ್ನು ಹಿಂತೆಗೆದು ಲೀಟರಿಗೆ 4 ರೂಪಾಯಿ ಏರಿಸಿತು. ಬೆಲೆಯನ್ನಷ್ಟೇ ನೋಡಿ ಅಳತೆಯನ್ನು ನೋಡದವರಿಗೆ ಈ ಎರಡು ಬದಲಾವಣೆಗಳ ನಿಜವಾದ ಮೊತ್ತ ತಿಳಿಯುವುದಿಲ್ಲ.

ಸೂಪರ್‌ಮಾರ್ಕೆಟ್‌ ನಿಜವಾಗಿ ಅಗ್ಗವಾಗುವ ಜಾಗಗಳೂ ಇವೆ, ಅವನ್ನು ಅಲ್ಲಗಳೆಯುವುದು ಪೂರ್ವಗ್ರಹವಷ್ಟೇ. ಅಡುಗೆ ಎಣ್ಣೆ, ಸೋಪು, ಬಟ್ಟೆ ಪುಡಿ, ಟೂತ್‌ಪೇಸ್ಟ್, ಚಹಾಪುಡಿ, ಬಿಸ್ಕತ್ತುಗಳಂಥ ಕಂಪನಿ ಸಾಮಾನುಗಳನ್ನು ದೊಡ್ಡ ಸರಪಳಿಗಳು ತಯಾರಕರಿಂದ ಲಾರಿಗಟ್ಟಲೆ ಕೊಳ್ಳುತ್ತವೆ, ವಿತರಕರ ಕಮಿಷನ್ ಉಳಿಸಿಕೊಳ್ಳುತ್ತವೆ, ಅದರಲ್ಲಿ ಒಂದು ಭಾಗವನ್ನು ರಿಯಾಯಿತಿಯಾಗಿ ಬಿಡುತ್ತವೆ. ಪ್ಯಾಕೆಟ್ ಮೇಲಿನ ಗರಿಷ್ಠ ಚಿಲ್ಲರೆ ಬೆಲೆ ಎಲ್ಲ ತೆರಿಗೆ ಸೇರಿದ ಮೇಲ್ಮಿತಿ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ, ಕಡಿಮೆಗೆ ಮಾರಲು ಅಡ್ಡಿಯಿಲ್ಲ. ಬಡಾವಣೆಯ ಕಿರಾಣಿ ಅಂಗಡಿ ಆ ಮೇಲ್ಮಿತಿಯಲ್ಲೇ ಮಾರುವುದುಂಟು, ಏಕೆಂದರೆ ಅದರ ಲಾಭದ ಅಂಚು ತೆಳು. ಆದ್ದರಿಂದ ಈ ಸಾಮಾನುಗಳನ್ನು ತಿಂಗಳಿಗೊಮ್ಮೆ ದೊಡ್ಡ ಅಂಗಡಿಯಲ್ಲಿ ಒಟ್ಟಿಗೆ ಕೊಳ್ಳುವುದು ಜಾಣತನ.

ತೊಂದರೆ ಶುರುವಾಗುವುದು ತಿಂಗಳಿಗೊಮ್ಮೆ ಹೋಗಬೇಕಾದಲ್ಲಿಗೆ ವಾರವಾರ ಹೋದಾಗ. ಮಳಿಗೆಯೊಳಗೆ ಸಾಮಾನು ತುಂಬುವ ತಳ್ಳುಗಾಡಿಯನ್ನು 1937ರಲ್ಲಿ ಅಮೆರಿಕದ ಒಕ್ಲಹೋಮ ನಗರದ ಅಂಗಡಿಕಾರ ಸಿಲ್ವನ್ ಗೋಲ್ಡ್‌ಮನ್ ರೂಪಿಸಿದ್ದು, ಕೈಬುಟ್ಟಿ ಭಾರವಾದೊಡನೆ ಜನ ಕೊಳ್ಳುವುದನ್ನು ನಿಲ್ಲಿಸುತ್ತಾರೆ ಎಂದು ಕಂಡುಕೊಂಡ ಮೇಲೆ. ಮಳಿಗೆಯ ಉಳಿದ ಏರ್ಪಾಡೂ ಅದೇ ಉದ್ದೇಶದ್ದು. ಲಾಭ ಹೆಚ್ಚಿರುವ ಸಾಮಾನು ಕಣ್ಣಳತೆಯಲ್ಲಿ, ಅಗ್ಗದ್ದು ಕೆಳಗಿನ ಸಾಲಿನಲ್ಲಿ, ಚಾಕೊಲೇಟು ಬಿಲ್ ಕೌಂಟರಿನ ಪಕ್ಕ ಮಕ್ಕಳ ಕೈಗೆಟಕುವಂತೆ. ವಾರಕ್ಕೊಮ್ಮೆ ಆ ದಾರಿಯಲ್ಲಿ ನಡೆದರೆ ಚೀಟಿಯಲ್ಲಿಲ್ಲದ ಸಾಮಾನು ವಾರಕ್ಕೊಮ್ಮೆ ಮನೆಗೆ ಬರುತ್ತದೆ. ನಗರಗಳ ಆಹಾರದ ಖರ್ಚಿನಲ್ಲಿ ಪಾನೀಯ, ಉಪಾಹಾರ ಮತ್ತು ಸಂಸ್ಕರಿತ ತಿನಿಸುಗಳದ್ದೇ ಅತಿ ದೊಡ್ಡ ಪಾಲು, ಒಟ್ಟು ಖರ್ಚಿನ ಸುಮಾರು ಶೇ 11, ಎಂದು ಅದೇ 2023–24ರ ಸಮೀಕ್ಷೆ ಹೇಳುತ್ತದೆ. ಹಾಲು, ತರಕಾರಿ, ಧಾನ್ಯಗಳು ಅದರ ಹಿಂದಿವೆ. ವಾರದ ಬಿಲ್ ಏರಿದೆ ಎಂದು ಕೊರಗುವ ಮನೆ ಮೊದಲು ತಿರುವಿ ನೋಡಬೇಕಾದ್ದು ಬಿಲ್‌ನ ಈ ಭಾಗವನ್ನು. ದುಬಾರಿ ಅಂಗಡಿ ಹೆಚ್ಚಿನ ಮನೆಗಳಿಗೆ ದುಬಾರಿಯಾಗುವುದು ಅಕ್ಕಿಯ ದರದಿಂದಲ್ಲ, ಚೀಟಿಯಲ್ಲಿ ಬರೆಯದೇ ಇದ್ದ ಸಾಮಾನಿನಿಂದ.

ಅಳತೆಯ ವಿಚಾರದಲ್ಲಿ ಕಾನೂನು ಕೊಳ್ಳುವವರ ಪರವಾಗಿ ಸ್ವಲ್ಪ ನಿಂತಿದೆ. ಇಂತಿಷ್ಟೇ ಗ್ರಾಂ, ಇಂತಿಷ್ಟೇ ಲೀಟರ್ ಎಂಬ ನಿಗದಿತ ಪ್ಯಾಕ್ ಗಾತ್ರಗಳ ಪಟ್ಟಿ 2022ರಲ್ಲಿ ರದ್ದಾಯಿತು. ಕಂಪನಿಗಳು ಬೆಲೆ ಹಾಗೇ ಇಟ್ಟು ತೂಕ ಇಳಿಸುವುದು ಸುಲಭವಾಯಿತು. ಅದಕ್ಕೆ ಎದುರಾಗಿ, ಗ್ರಾಂ ಅಥವಾ ಮಿಲಿಲೀಟರ್ ಒಂದಕ್ಕೆ ಬೆಲೆಯೆಷ್ಟು ಎಂಬುದನ್ನು ಪ್ಯಾಕೆಟ್ ಮೇಲೆ ಮುದ್ರಿಸಬೇಕೆಂಬ ನಿಯಮವೂ ಬಂತು. ಸಣ್ಣ ಅಕ್ಷರದ ಆ ಒಂದು ಸಾಲು ದೊಡ್ಡ ಅಕ್ಷರದ ರಿಯಾಯಿತಿ ಫಲಕಕ್ಕಿಂತ ಹೆಚ್ಚು ನಂಬಲು ತಕ್ಕದ್ದು. ಅಡುಗೆ ಎಣ್ಣೆಯಲ್ಲಿ ಇದು ಮುಖ್ಯ: ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಅದಕ್ಕಿಂತ ಕಡಿಮೆ ಗ್ರಾಂ ನಮೂದಿಸಿದ ಪಾಕೆಟ್ ಲೀಟರಿನದಲ್ಲ. ನಮೂದಿಸಿದ ಬೆಲೆಗಿಂತ ಹೆಚ್ಚು ಕೇಳಿದರೆ, ತೂಕದಲ್ಲಿ ಮೋಸವಾದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ.

ಕೈಯಲ್ಲಿ ನಗದಿಲ್ಲದವರಿಗೆ ಈ ಸಲಹೆಗಳಲ್ಲಿ ಅರ್ಧ ಉಪಯೋಗಕ್ಕೆ ಬಾರವು. 26 ಕಿಲೋ ಚೀಲ ಕೊಳ್ಳಲು ಒಮ್ಮೆಗೇ ಹಣ ಬೇಕು. ಸೂಪರ್‌ಮಾರ್ಕೆಟ್‌ನಲ್ಲಿ ಉದ್ರಿ ಇಲ್ಲ. ಬಡಾವಣೆಯ ಅಂಗಡಿಯವರು ಉದ್ರಿ ಕೊಡುತ್ತಾರೆ, ಅದರ ಬೆಲೆ ಸಾಮಾನಿನ ದರದಲ್ಲೇ ಸೇರಿರುತ್ತದೆ. ಇಕ್ಕಟ್ಟಿನ ಕಾಲದಲ್ಲಿ ಅಂಥ ಅಂಗಡಿಯೇ ಮನೆಯ ಒಲೆ ಆರದಂತೆ ನೋಡಿಕೊಂಡಿದೆ. ಕಿಲೋಗೆ ಎರಡು ರೂಪಾಯಿ ಉಳಿಸಲು ಅದನ್ನು ಪೂರ್ತಿ ಕೈಬಿಡುವುದು ದೂರದೃಷ್ಟಿಯ ಲೆಕ್ಕವಲ್ಲ.

ಅಗ್ಗದ ಬೆಲೆ ಮತ್ತು ಸ್ಥಳೀಯರ ಹಿಡಿತ, ಎರಡನ್ನೂ ಒಟ್ಟಿಗೆ ಕೊಡಬಲ್ಲದ್ದು ಸಹಕಾರಿ ಅಂಗಡಿ. ಕರ್ನಾಟಕಕ್ಕೆ ಇದು ಹೊಸದಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. 1962ರ ಚೀನಾ ಯುದ್ಧದ ನಂತರ ಕೇಂದ್ರದ ನೆರವಿನಿಂದ ಗ್ರಾಹಕ ಸಹಕಾರ ಮಳಿಗೆಗಳು ಬಂದವು, ಜನತಾ ಬಜಾರ್ ಎಂಬ ಹೆಸರು ಆ ಕಾಲದ್ದು. ಅವುಗಳಲ್ಲಿ ಬಹಳಷ್ಟು ಸೊರಗಿದವು. ಆದರೆ ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಟಿಎಸ್‌ಎಸ್ ತನ್ನದೇ ಸೂಪರ್‌ಮಾರ್ಕೆಟ್ ನಡೆಸುತ್ತ ಬಂದಿದೆ. ಮಲೆನಾಡಿನ ಪಟ್ಟಣವೊಂದರಲ್ಲಿ ಇದು ಸಾಧ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕಾರ್ಖಾನೆಗಳಲ್ಲಿ ಒಗ್ಗಟ್ಟಿನಿಂದ ದುಡಿದ, ಸಂಘಟನೆಯ ಅನುಭವವುಳ್ಳ ನಿವೃತ್ತರು ಸಾವಿರಾರು ಸಂಖ್ಯೆಯಲ್ಲಿರುವ ಭದ್ರಾವತಿಯಲ್ಲಿ ಅಂಥ ಒಂದು ಮಳಿಗೆ ನಡೆಯದಿರಲು ಕಾರಣವಿಲ್ಲ. ಸುತ್ತಲ ಗಿರಣಿಗಳಿಂದ ಅಕ್ಕಿ, ರೈತರಿಂದ ತರಕಾರಿ, ಕಂಪನಿಗಳಿಂದ ಸಗಟು ದರದಲ್ಲಿ ಉಳಿದ ಸಾಮಾನು ಕೊಂಡು ಸದಸ್ಯರಿಗೆ ಮಾರುವ ಸಂಘವನ್ನು ನೋಂದಾಯಿಸಲು ನಿವೃತ್ತ ಕಾರ್ಮಿಕರು ಮುಂದಾಗಬೇಕು, ಕಾರ್ಖಾನೆಯ ವಸತಿ ಪ್ರದೇಶದಲ್ಲಿ ಖಾಲಿ ಬಿದ್ದ ಕಟ್ಟಡವೊಂದನ್ನು ಅದಕ್ಕೆ ಕಡಿಮೆ ಬಾಡಿಗೆಗೆ ಕೊಡಲು ಸರ್ಕಾರ ಒಪ್ಪಬೇಕು.