ಬಗಲ ಬೆವರಿಗೆ ನಾಚಿಕೆ ಹಚ್ಚಿದವರು ಯಾರು?

"ಬರೆಯೋಕೆ ಬೇರೆ ವಿಷಯ ಸಿಗಲಿಲ್ಲೇನ್ರೀ ಮೇಷ್ಟ್ರೇ?" ಅಂತ ವಾಚನಾಲಯದ ಕಟ್ಟೆ ಮೇಲೆ ಕೂತವರು ನಕ್ಕರು. ಬರ ಐತಿ, ವಲಸೆ ಐತಿ, ಹತ್ತಿ ರೇಟು ಐತಿ, ನಮ್ಮ ಕನ್ನಡ ಶಾಲೆಗಳ ಗತಿ ಐತಿ. ಅವನ್ನೆಲ್ಲ ಬಿಟ್ಟು ಬಗಲ ಬೆವರಿನ ಬಗ್ಗೆ ಲೇಖನವೇ? ಹೌದು, ಅದರ ಬಗ್ಗೆಯೇ. ನಗುವವರು ನಗಲಿ. ಈ ನಗುವಿನಿಂದಲೇ ನಮ್ಮ ಮಕ್ಕಳ ಚರ್ಮ ಸುಡುತ್ತಿದೆ ಎಂಬುದು ನನ್ನ ವಾದ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಕೆಲವು ವರ್ಷದ ಹಿಂದಿನ ಮಾತು. ಮಾರ್ಚ್ ತಿಂಗಳು, ಒಂಬತ್ತನೇ ತರಗತಿ, ಮಧ್ಯಾಹ್ನದ ಪೀರಿಯಡ್ಡು. ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿಯೊಬ್ಬಳು ಉತ್ತರ ಹೇಳಲು ಕೈ ಎತ್ತಿದಳು. ಅಂಗಿಯ ತೋಳಿನ ಕೆಳಗೆ ಅಂಗೈಯಗಲ ಒದ್ದೆಯಾಗಿತ್ತು. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ನಾನು ಅವರನ್ನು ಗದರಿಸಬೇಕಿತ್ತು. ಅದನ್ನು ಬಿಟ್ಟು, "ದಿನಾ ಸ್ನಾನ ಮಾಡ್ಬೇಕವ್ವಾ" ಅಂದೆ. ಆ ಮಗು ಬೆಳಿಗ್ಗೆ ಸ್ನಾನ ಮಾಡಿಯೇ ಬಂದಿತ್ತು. ಸಂಜೆಗೂ ಮಾಡುತ್ತಿತ್ತು ಎಂದು ಆಮೇಲೆ ಅದರ ತಾಯಿ ಹೇಳಿದರು. ಅವತ್ತಿನಿಂದ ಆ ಹುಡುಗಿ ನನ್ನ ತರಗತಿಯಲ್ಲಿ ಕೈ ಎತ್ತಲಿಲ್ಲ.

ಕೈ ಇಳಿಸಿ ಸುಮ್ಮನಿದ್ದಿದ್ದರೆ ಅದೊಂದು ನೋವು. ಅಷ್ಟಕ್ಕೇ ಮುಗಿಯಲಿಲ್ಲ. ಮೊದಲು ಘಮಘಮ ಸ್ಪ್ರೇ ಡಬ್ಬಿ ಬಂತು. ಚರ್ಮ ಕೆಂಪಾಗಿ ಉರಿಯಿತು. ಆಮೇಲೆ ಯಾರೋ ಹೇಳಿದರು ಅಂತ ನಿಂಬೆಹಣ್ಣಿನ ರಸಕ್ಕೆ ಅಡುಗೆ ಸೋಡಾ ಕಲಸಿ ತಿಕ್ಕಿದಳು. ಉರಿ ಹೋಗಿ ಹುಣ್ಣಾಯಿತು. ಕಡೆಗೆ ಔಷಧಿ ಅಂಗಡಿಯಿಂದ ಒಂದು ಟ್ಯೂಬು. ಎರಡು ದಿನದಲ್ಲಿ ಕೆಂಪು ಇಳಿಯಿತು, ತುರಿಕೆ ನಿಂತಿತು. ಮನೆಯವರು ದೇವರಿಗೆ ಕಾಯಿ ಒಡೆಸಿದರು. ಟ್ಯೂಬು ಬಿಟ್ಟ ಕೂಡಲೇ ಉರಿ ಮತ್ತೆ ಬರೋದು, ಮತ್ತೆ ಹಚ್ಚೋದು. ಹೀಗೆ ತಿಂಗಳುಗಟ್ಟಲೆ ನಡೆದು ಬಗಲ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ, ಬಸುರಿ ಹೊಟ್ಟೆಯ ಮೇಲೆ ಬೀಳುವಂಥ ಗೆರೆಗಳು ಬಿದ್ದವು. ಚರ್ಮದ ಡಾಕ್ಟರು ನೋಡಿ, ಈ ಗೆರೆ ಪೂರ್ತಿ ಮಾಯುವುದಿಲ್ಲ ಅಂದರು. ಇಷ್ಟೆಲ್ಲ ಆದರೂ ಬೆವರು ಮಾತ್ರ ಮೊದಲು ಎಷ್ಟಿತ್ತೋ ಅಷ್ಟೇ ಇತ್ತು.

ಬೆವರಲ್ಲಿ ಕೊಳೆ ಇದ್ದಿದ್ದರೆ ನಾನು ಅಂದದ್ದು ಸರಿಯಾಗುತ್ತಿತ್ತು. ಬೆವರಲ್ಲಿ ಇರುವುದು ಹೆಚ್ಚುಕಡಿಮೆ ಬರೀ ನೀರು, ಚೂರು ಉಪ್ಪು. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದು ಯಾಕೆ? ಗಡಿಗೆಯ ಮೈಯಿಂದ ನೀರು ಜಿನುಗಿ ಆವಿಯಾಗುವುದರಿಂದ. ನಮ್ಮ ಮೈಯೂ ಅಂಥದೇ ಗಡಿಗೆ. ಒಂದು ಲೀಟರು ಬೆವರು ಮೈಮೇಲೆ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊತ್ತುಕೊಂಡು ಹೋಗುತ್ತದೆ. ಮೇ ತಿಂಗಳಲ್ಲಿ ಆದೋನಿ, ಕೋಸಿಗಿ, ಹೊಳಗುಂದಿಯ ಕಡೆ 40 ಡಿಗ್ರಿ ದಾಟಿದ ಬಿಸಿಲಲ್ಲಿ ಹೊಲದ ಮನುಷ್ಯ ಬದುಕಿ ಮನೆಗೆ ಬರುವುದು ಈ ಬೆವರಿನಿಂದಲೇ.

ಬಗಲಲ್ಲಿ ಇನ್ನೊಂದು ಜಾತಿಯ ಗ್ರಂಥಿಯೂ ಇದೆ. ಅದು ಪ್ರಾಯಕ್ಕೆ ಬಂದಾಗ ಕೆಲಸ ಶುರುಮಾಡುತ್ತದೆ. ಅದರ ಬೆವರಿಗೂ ಹುಟ್ಟುತ್ತಲೇ ವಾಸನೆ ಇರುವುದಿಲ್ಲ. ಚರ್ಮದ ಮೇಲಿನ ಸೂಕ್ಷ್ಮಾಣುಗಳು ಅದನ್ನು ಒಡೆದಾಗ ವಾಸನೆ ಬರುತ್ತದೆ. ಹಾಗಾಗಿ ಬೆವರು ಬೇರೆ, ವಾಸನೆ ಬೇರೆ. ವಾಸನೆಗೆ ಸ್ನಾನ, ಒಗೆದ ಬಟ್ಟೆ ಆದೀತು. ಬೆವರು ಸ್ನಾನಕ್ಕೆ ನಿಲ್ಲುವುದಿಲ್ಲ. ಕೆಲವರಿಗೆ ಬಗಲು, ಅಂಗೈ, ಅಂಗಾಲು ಅಗತ್ಯಕ್ಕಿಂತ ಬಹಳ ಹೆಚ್ಚು ಬೆವರುತ್ತವೆ. ಅಮೆರಿಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು 3ರಿಂದ 5 ಮಂದಿಗೆ ಹೀಗಿದೆ. ಎಷ್ಟೋ ಮನೆಗಳಲ್ಲಿ ಇದು ತಾಯಿಗೋ ತಂದೆಗೋ ಇದ್ದು ಮಕ್ಕಳಿಗೆ ಬಂದಿರುತ್ತದೆ. ಬೆವರಿಗೆ ಅಪ್ಪಣೆ ಕೊಡುವ ನರಗಳು ಜೋರಾಗಿ ಕೆಲಸ ಮಾಡುತ್ತವೆ, ಅಷ್ಟೇ. ನಾಚಿಕೆಯಾದರೆ, ಹೆದರಿಕೆಯಾದರೆ ಇನ್ನೂ ಜೋರಾಗುತ್ತದೆ. ಅಂದರೆ ಅವತ್ತು ನಾನು ಆಡಿದ ಮಾತೇ ಆ ಮಗುವಿನ ಬೆವರನ್ನು ಹೆಚ್ಚಿಸಿತು.

ಈ ನಾಚಿಕೆ ನಮ್ಮಲ್ಲಿ ಮೊದಲಿಂದ ಇತ್ತೇ? ಕೈ ಕೆಸರಾದರೆ ಬಾಯಿ ಮೊಸರು ಅಂದ ಜನ ನಾವು. ಬೆವರು ಸುರಿಸಿ ದುಡಿದ ಅನ್ನ ಅಂತ ಈಗಲೂ ಹೆಮ್ಮೆಯಿಂದ ಹೇಳುತ್ತೇವೆ. ಬಗಲ ಬೆವರಿಗೆ ಬೆಲೆ ಕಟ್ಟಿ ಮಾರುವ ವಿದ್ಯೆ ಬೇರೆ ಕಡೆಯದು. ನೂರು ವರ್ಷದ ಹಿಂದೆ ಅಮೆರಿಕದ ಸಿನ್ಸಿನಾಟಿ ಊರಲ್ಲಿ ಒಬ್ಬ ಶಸ್ತ್ರವೈದ್ಯ, ಆಪರೇಷನ್ ಮಾಡುವಾಗ ಕೈ ಬೆವರದಿರಲಿ ಎಂದು ಒಂದು ದ್ರಾವಣ ಮಾಡಿಕೊಂಡಿದ್ದ. ಅವನ ಮಗಳು ಎಡ್ನಾ ಮರ್ಫಿ ಅದನ್ನು ಬಗಲಿಗೆ ಹಚ್ಚುವ ಔಷಧಿಯಾಗಿ 'ಓಡೊರೊನೊ' ಎಂಬ ಹೆಸರಲ್ಲಿ ಮಾರಿದಳು. ಅದರ ಆಮ್ಲ ಚರ್ಮವನ್ನೂ ಸುಡುತ್ತಿತ್ತು, ಬಟ್ಟೆಯನ್ನೂ ತಿನ್ನುತ್ತಿತ್ತು. ವ್ಯಾಪಾರ ಕುಂಟಿತು. 1919ರಲ್ಲಿ ಜೇಮ್ಸ್ ಯಂಗ್ ಎಂಬ ಜಾಹೀರಾತುಗಾರ ಉಪಾಯ ಹೂಡಿದ. ನಿನಗೆ ಗೊತ್ತಿಲ್ಲದಂತೆಯೇ ನಿನ್ನ ಮೈ ನಾರುತ್ತಿರಬಹುದು, ನಿನ್ನ ಬೆನ್ನ ಹಿಂದೆ ಜನ ಆಡಿಕೊಳ್ಳುತ್ತಿರಬಹುದು ಎಂಬ ಅರ್ಥ ಬರುವಂತೆ ಹೆಂಗಸರ ಪತ್ರಿಕೆಯೊಂದರಲ್ಲಿ ಬರೆಸಿದ. ಸುಮಾರು 200 ಮಂದಿ ಓದುಗರು ಸಿಟ್ಟಾಗಿ ಪತ್ರಿಕೆಯ ಚಂದಾ ಬಿಟ್ಟರು. ಮಾರಾಟ ಮಾತ್ರ ದುಪ್ಪಟ್ಟಾಯಿತು. ಔಷಧಿ ಮಾರುವುದಕ್ಕಿಂತ ಮೊದಲು ನಾಚಿಕೆ ಮಾರಬೇಕು ಎಂಬ ಪಾಠವನ್ನು ಅಂಗಡಿ ಅವತ್ತೇ ಕಲಿತುಬಿಟ್ಟಿತು. ಇವತ್ತು ಟೀವಿಯಲ್ಲಿ ಕಾಣುವುದೂ ಅದೇ ಪಾಠ.

ಇನ್ನು ನಮ್ಮ ಊರಿನ ವಿಪರೀತ ಕೇಳಿ. ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಆದೋನಿ ಒಂದು. ಸುತ್ತಲ ಹಳ್ಳಿಯ ಗಾಡಿ, ಟ್ರ್ಯಾಕ್ಟರುಗಳೆಲ್ಲ ಬಿಳೀ ಹತ್ತಿ ಹೇರಿಕೊಂಡು ಅಲ್ಲಿಗೇ ಹೋಗುತ್ತವೆ. ಆ ಹತ್ತಿ ಬಿಡಿಸಿದ ಹೆಂಗಸಿನ ಮಗಳು ಶಾಲೆಗೆ ಹಾಕಿಕೊಂಡು ಬರುವುದು ಪಾಲಿಸ್ಟರ್ ಅಂಗಿ! ಬೇಗ ಒಣಗುತ್ತದೆ, ಇಸ್ತ್ರಿ ಬೇಡ, ಅಗ್ಗ, ನಿಜ. ಆದರೆ ಅದು ಬೆವರು ಹೀರುವುದಿಲ್ಲ, ಗಾಳಿ ಬಿಡುವುದಿಲ್ಲ. 2014ರಲ್ಲಿ ಬೆಲ್ಜಿಯಂ ದೇಶದ ಗೆಂಟ್ ವಿಶ್ವವಿದ್ಯಾಲಯದವರು ವ್ಯಾಯಾಮ ಮಾಡಿದವರ ಅಂಗಿಗಳನ್ನು ಪರೀಕ್ಷಿಸಿದಾಗ, ಹತ್ತಿಗಿಂತ ಪಾಲಿಸ್ಟರಿನಲ್ಲೇ ಕೆಟ್ಟ ವಾಸನೆ ಹೆಚ್ಚೆಂದೂ, ವಾಸನೆ ಹುಟ್ಟಿಸುವ ಸೂಕ್ಷ್ಮಾಣುಗಳು ಅದರಲ್ಲೇ ಚೆನ್ನಾಗಿ ಬೆಳೆಯುತ್ತವೆಂದೂ ಕಂಡರು. ಹೀಗಿರುವಾಗ ನಾವು ಬಟ್ಟೆಯ ತಪ್ಪನ್ನು ಮಗುವಿನ ಮೈಮೇಲೆ ಹೊರಿಸುತ್ತಿದ್ದೇವೆ.

ಈಗ ಆ ಟ್ಯೂಬಿನ ವಿಷಯ. ನನ್ನ ನಿಜವಾದ ಸಿಟ್ಟು ಇರುವುದು ಇಲ್ಲಿ. ಅದರಲ್ಲಿ ಕ್ಲೋಬೆಟಾಸೋಲ್, ಬೀಟಾಮೆಥಾಸೋನ್‌ನಂಥ ಬಲವಾದ ಸ್ಟಿರಾಯ್ಡ್ ಇರುತ್ತದೆ, ಜೊತೆಗೆ ಹುಳಕಡ್ಡಿಯ ಔಷಧಿ ಬೆರೆಸಿರುತ್ತಾರೆ. ಸ್ಟಿರಾಯ್ಡ್ ಕೆಂಪು ಅಡಗಿಸುತ್ತದೆ, ರೋಗ ಒಳಗೇ ಹಬ್ಬುತ್ತದೆ. ಬಗಲು, ತೊಡೆಸಂದಿಯಂಥ ಮಡಿಕೆಗಳಲ್ಲಿ ಅದು ಬೇರೆ ಕಡೆಗಿಂತ ಹೆಚ್ಚು ಒಳಗಿಳಿದು ಚರ್ಮ ತೆಳುವಾಗಿಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನು ಇದೆ, ಟ್ಯೂಬೂ ಸಿಗುತ್ತದೆ. ನಮ್ಮ ಗಡಿಯ ಕಷ್ಟವೂ ಇದರಲ್ಲಿ ಸೇರಿದೆ: ತಾಯಿ ಕಲಿತದ್ದು ಕನ್ನಡ, ಅಂಗಡಿಯವ ಹೇಳುವುದು ತೆಲುಗು, ಟ್ಯೂಬಿನ ಮೇಲಿರುವುದು ಇಂಗ್ಲಿಷು. ಮೂರು ಭಾಷೆ ದಾಟಿ ಬರುವಷ್ಟರಲ್ಲಿ ಎಚ್ಚರಿಕೆಯ ಮಾತು ಎಲ್ಲೋ ಉದುರಿಹೋಗಿರುತ್ತದೆ. ಇದನ್ನು ಓದಿ ಹೇಳುವವರು ಮೇಷ್ಟ್ರು ಆಗಬೇಕು, ಇಲ್ಲವೇ ವಾಚನಾಲಯದ ಹುಡುಗರು ಆಗಬೇಕು.

ನಿಂಬೆ, ಸೋಡಾ "ಮನೆ ಮದ್ದು, ಏನೂ ಆಗಂಗಿಲ್ಲ" ಅನ್ನುವವರಿಗೂ ಒಂದು ಮಾತು. ಚರ್ಮ ತುಸು ಹುಳಿ ಸ್ವಭಾವದ್ದು. ನಿಂಬೆರಸ ಅದಕ್ಕಿಂತ ಎಷ್ಟೋ ಪಾಲು ಹುಳಿ, ಸೋಡಾ ಅದಕ್ಕೆ ತದ್ವಿರುದ್ಧ ಕ್ಷಾರ. ಎರಡೂ ಸೂಕ್ಷ್ಮ ಚರ್ಮದ ಮೇಲ್ಪದರವನ್ನು ಕೆಡಿಸುತ್ತವೆ. ನಿಂಬೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆಯಾಗುವುದೂ ಉಂಟು. ಅಡುಗೆಮನೆಯ ಸಾಮಾನಾದ ಮಾತ್ರಕ್ಕೆ ಚರ್ಮಕ್ಕೆ ಒಳ್ಳೆಯದಾಗುವುದಿಲ್ಲ. ಮೆಣಸಿನಕಾಯಿಯೂ ಅಡುಗೆಮನೆಯದೇ. ಗುಂಟೂರಿಗೆ ಮೆಣಸಿನಕಾಯಿ ಬಿಡಿಸೋಕೆ ಹೋಗಿ ಬಂದವರನ್ನು ಕೇಳಿ, ಬೆವರಿದ ಚರ್ಮಕ್ಕೆ ಆ ಘಾಟು ತಾಗಿದರೆ ಹೇಗಿರುತ್ತದೆ ಅಂತ.

ಹಾಗಾದರೆ ಏನು ಮಾಡಬೇಕು? ಬರೀ ಬೈದು ಕೈ ತೊಳೆದುಕೊಳ್ಳುವುದು ಸರಿಯಲ್ಲ. ಸುವಾಸನೆ ಇಲ್ಲದ ಸೌಮ್ಯ ಸೋಪಿನಲ್ಲಿ ತೊಳೆಯಿರಿ. ಟವೆಲಿನಿಂದ ತಿಕ್ಕಬೇಡಿ, ಒತ್ತಿ ಒರೆಸಿರಿ. ತೋಳು ಸಡಿಲ ಇರುವ ಹತ್ತಿ ಬಟ್ಟೆ, ಒಳಗೆ ಹತ್ತಿ ಬನಿಯನ್ನು. ಸೋಪು ಉಳಿಯದಂತೆ ಜಾಲಿಸಿ ಬಿಸಿಲಿಗೆ ಒಣಹಾಕಿ. ಶಾಲೆ ಚೀಲದಲ್ಲಿ ಒಂದು ಹತ್ತಿ ಚೌಕ ಇರಲಿ. ಘಮಘಮ ಸ್ಪ್ರೇ ವಾಸನೆ ಮುಚ್ಚುತ್ತದೆ, ಬೆವರು ನಿಲ್ಲಿಸುವುದಿಲ್ಲ. ಅದರ ಸುಗಂಧವೂ ಸ್ಪಿರಿಟ್ಟೂ ಸೂಕ್ಷ್ಮ ಚರ್ಮಕ್ಕೆ ದೊಡ್ಡ ಶತ್ರು. ಕ್ಷೌರದಂಗಡಿಯ ಪಟಿಕ ವಾಸನೆಗೆ ಸ್ವಲ್ಪ ಆದೀತು, ಸುರಿಯುವ ಬೆವರಿಗೆ ಸಾಲದು.

ನಿಜವಾಗಿ ಬೆವರು ತಡೆಯುವುದು ಅಲ್ಯೂಮಿನಿಯಂ ಕ್ಲೋರೈಡ್ ಇರುವ ದ್ರಾವಣ. ಅದು ಬೆವರಿನ ರಂಧ್ರಕ್ಕೆ ಕೆಲವು ದಿನ ಬಿರಡೆ ಹಾಕುತ್ತದೆ. ಅದನ್ನು ಹಚ್ಚುವುದಕ್ಕೂ ಒಂದು ಕ್ರಮವಿದೆ. ರಾತ್ರಿ ಮಲಗುವ ಮುಂಚೆ, ಪೂರ್ತಿ ಒಣಗಿದ ಚರ್ಮಕ್ಕೆ ತೆಳುವಾಗಿ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ಒದ್ದೆ ಚರ್ಮಕ್ಕೆ ಹಚ್ಚಿದರೆ ನೀರಿನ ಜೊತೆ ಸೇರಿ ಆಮ್ಲವಾಗುತ್ತದೆ, ಉರಿಯುತ್ತದೆ. ಕೂದಲು ತೆಗೆದ ದಿನ ಬೇಡ, ಮರುದಿನವೂ ಬೇಡ. ಗಾಯದ ಮೇಲಂತೂ ಬೇಡವೇ ಬೇಡ. ಸೂಕ್ಷ್ಮ ಚರ್ಮದವರು ಕಡಿಮೆ ಶಕ್ತಿಯದರಿಂದ, ಶೇಕಡಾ 10-12ರಿಂದ ಶುರುಮಾಡಿ. ಮೊದಲು ಮುಂಗೈಯ ಒಳಭಾಗದಲ್ಲಿ ಕೆಲವು ದಿನ ಹಚ್ಚಿ ನೋಡಿ. ಆಮೇಲೆ ಎರಡು ಮೂರು ದಿನಕ್ಕೊಮ್ಮೆ. ಬೆವರು ಹತೋಟಿಗೆ ಬಂದ ಮೇಲೆ ವಾರಕ್ಕೊಮ್ಮೆ ಸಾಕು. ಉರಿದರೆ ನಿಲ್ಲಿಸಿ, ಡಾಕ್ಟರನ್ನು ಕೇಳಿ. ಇದಕ್ಕೂ ಬಗ್ಗದಿದ್ದರೆ ಮಾತ್ರೆ, ಬೊಟುಲಿನಮ್ ಇಂಜೆಕ್ಷನ್ನು ಇವೆ. ಇಂಜೆಕ್ಷನ್ನು ದುಬಾರಿ.

"ಬೆವರು ಕಟ್ಟಿದರೆ ಮೈ ಕೆಡುತ್ತದಲ್ರೀ, ಕ್ಯಾನ್ಸರ್ ಬರುತ್ತಂತಲ್ರೀ?" ಅನ್ನುತ್ತಾರೆ. ಬಗಲು ಇಡೀ ಮೈಯಲ್ಲಿ ಒಂದು ಮೂಲೆ. ಅಲ್ಲಿ ತಡೆದರೆ ಮೈ ತಂಪಾಗುವುದಕ್ಕೆ ಅಡ್ಡಿಯಿಲ್ಲ. ಇದರಿಂದ ಸ್ತನ ಕ್ಯಾನ್ಸರ್ ಬರುತ್ತದೆ ಎಂದು ಯಾವ ಅಧ್ಯಯನವೂ ಸಾಬೀತು ಮಾಡಿಲ್ಲ.

ಅಲಕ್ಷ್ಯ ಮಾಡಬಾರದ ಲಕ್ಷಣಗಳು ಬೇರೆ ಇವೆ. ನಿದ್ದೆಯಲ್ಲಿ ಹಾಸಿಗೆ ತೊಯ್ಯುವಷ್ಟು ಬೆವರು, ಜೊತೆಗೆ ಜ್ವರ, ಕೆಮ್ಮು, ತೂಕ ಇಳಿಯುವುದು ಇದ್ದರೆ ಕ್ಷಯ ಇರಬಹುದು, ಕಫ ಪರೀಕ್ಷೆ ಮಾಡಿಸಿ. ಎದೆ ಬಡಿತ, ಕೈ ನಡುಕದ ಜೊತೆ ಬೆವರಿದರೆ ಥೈರಾಯ್ಡ್ ನೋಡಿಸಿ. ಬಗಲಲ್ಲಿ ಗಡ್ಡೆಯಂಥ ಕುರು ಮೇಲಿಂದ ಮೇಲೆ ಎದ್ದರೆ ಡಾಕ್ಟರ ಹತ್ತಿರ ಹೋಗಿ. ಕುತ್ತಿಗೆ, ಬಗಲು ಕಪ್ಪಾಗಿ ಮಖಮಲ್ಲಿನಂತೆ ದಪ್ಪವಾದರೆ ಅದು ಕೊಳೆಯಲ್ಲ. ಎಷ್ಟೋ ಸಲ ಸಕ್ಕರೆ ಕಾಯಿಲೆಯ ಮುನ್ಸೂಚನೆ. "ತಿಕ್ಕಿ ತೊಳ್ಕೋ" ಅಂತ ಮಗುವನ್ನು ಬೈಯುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ.

ನನ್ನ ಜೊತೆ ಮೇಷ್ಟ್ರುಗಿರಿ ಮಾಡಿದವರಿಗೆ, ಈಗ ಮಾಡುತ್ತಿರುವವರಿಗೆ ಕೈ ಮುಗಿದು ಹೇಳುತ್ತೇನೆ. ಸ್ವಚ್ಛತೆಯ ಪಾಠವನ್ನು ತರಗತಿಗೆಲ್ಲ ಹೇಳಿ. ಒಂದು ಮಗುವಿನ ಕಡೆ ಬೆರಳು ಮಾಡಿ ಹೇಳಬೇಡಿ. ಯೂನಿಫಾರ್ಮ್ ಬಟ್ಟೆ ಆರಿಸುವ ಸಭೆಯಲ್ಲಿ ಎದ್ದು ನಿಂತು ಹತ್ತಿ ಬಟ್ಟೆ ಕೇಳಿ. ಹತ್ತಿ ಬೆಳೆಯುವ ಊರಿನವರು ಕೇಳದಿದ್ದರೆ ಇನ್ಯಾರು ಕೇಳಬೇಕು? ಹಿಂದಿನ ಬೆಂಚಿನಲ್ಲಿ ನಕ್ಕವರಿಗೆ ಗಡಿಗೆಯ ಪಾಠ ಮಾಡಿ.

ಆ ಹುಡುಗಿ ಶಾಲೆ ಬಿಡಲಿಲ್ಲ. ಅದು ಅವಳ ತಾಯಿಯ ಹಟದಿಂದ, ನನ್ನಿಂದಲ್ಲ. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದಳು. ಕ್ಷಮೆ ಕೇಳಲು ಅವರ ಮನೆಗೆ ಹೋದಾಗ, "ಬಿಡ್ರೀ ಸರ್, ನೀವು ಒಳ್ಳೇದಕ್ಕೇ ಹೇಳಿದ್ರಿ" ಅಂದಳು. ಒಳ್ಳೆಯದಕ್ಕೇ ಹೇಳಿದ್ದು ನಿಜ. ಆದರೆ ಗೊತ್ತಿಲ್ಲದೆ ಹೇಳಿದ್ದೆ. ಇದನ್ನು ಓದಿದ ನಿಮಗೆ ಇನ್ನು ಗೊತ್ತಿರಲಿಲ್ಲ ಅನ್ನಲು ಆಗುವುದಿಲ್ಲ.