ತಟ್ಟೆಯಲ್ಲಿದ್ದ ವಿಷ ಎಷ್ಟು?

2018ರ ಡಿಸೆಂಬರ್ 14, ಶುಕ್ರವಾರ. ಹನೂರು ಸಮೀಪದ ಸುಳ್ವಾಡಿಯ ಕಿಚ್‌ಗುತ್ ಮಾರಮ್ಮನ ಗುಡಿಯಲ್ಲಿ ಗೋಪುರ ಕಟ್ಟುವ ಕೆಲಸಕ್ಕೆ ಪೂಜೆ. ಪೂಜೆಯಾದ ಮೇಲೆ ಟೊಮೆಟೊ ಬಾತ್ ಪ್ರಸಾದ. ತಿಂದವರಿಗೆ ವಾಂತಿ, ಬಾಯಲ್ಲಿ ನೊರೆ, ಉಬ್ಬಸ. ಚೆಲ್ಲಿದ ಅನ್ನಕ್ಕೆ ಕೊಕ್ಕು ಹಾಕಿದ ಕಾಗೆಗಳೂ ಸತ್ತು ಬಿದ್ದವು. ಕಾಮಗೆರೆ, ಕೊಳ್ಳೇಗಾಲ, ಅಲ್ಲಿಂದ ಮೈಸೂರು ಎಂದು ನೂರಕ್ಕೂ ಹೆಚ್ಚು ಜನರನ್ನು ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. 17 ಜನ ತೀರಿಕೊಂಡರು.

ಪ್ರಸಾದದಲ್ಲಿ ಇದ್ದದ್ದು ಮಾನೊಕ್ರೊಟೊಫಾಸ್ ಎಂಬ ಕೀಟನಾಶಕ ಎಂದು ವಿಧಿವಿಜ್ಞಾನ ಪ್ರಯೋಗಾಲಯದ ಪರೀಕ್ಷೆ ತಿಳಿಸಿತು. ಆ ಹೆಸರನ್ನು ಪತ್ರಿಕೆಯಲ್ಲಿ ಓದಿದ ನಮಗೆ ಅದು ಎರಡು ಸಾಲಿನ ಸುದ್ದಿ. ರಸಾಯನ ವಿಜ್ಞಾನಿಗೆ ಮಾತ್ರ ಅಲ್ಲೊಂದು ತೊಡಕಿನ ಪ್ರಶ್ನೆ ಇರುತ್ತದೆ.

ಏನದು? ಇದು ಟೊಮೆಟೊ ಬೆಳೆಯುವ, ಔಷಧಿ ಹೊಡೆಯುವ ಸೀಮೆ. ಸಂತೆಯಿಂದ ತಂದ ಹಣ್ಣಿನ ಮೇಲೇ ಕೀಟನಾಶಕದ ಅಂಶ ಉಳಿದಿರಬಹುದಲ್ಲ! ನಾಳೆ ನ್ಯಾಯಾಲಯದಲ್ಲಿ ವಕೀಲರು ಎದ್ದು ನಿಂತು ಇದನ್ನೇ ಕೇಳಬಹುದು. ಆಗ ‘ವಿಷ ಸಿಕ್ಕಿದೆ’ ಎಂದರೆ ಸಾಲದು. ಎಷ್ಟು ಸಿಕ್ಕಿದೆ ಎಂದು ಹೇಳಬೇಕು.

ಒಂದು ಲೆಕ್ಕ ಹಾಕೋಣ. ಇದು ಸುಳ್ವಾಡಿಯ ಅಂಕಿಯಲ್ಲ, ಬರಿಯ ಉದಾಹರಣೆ. 100 ಕಿಲೊ ಬಾತಿಗೆ 20 ಕಿಲೊ ಟೊಮೆಟೊ ಹಾಕಿದರು ಎನ್ನಿ. ಪ್ರತಿ ಕಿಲೊ ಹಣ್ಣಿನಲ್ಲಿ 1 ಮಿಲಿಗ್ರಾಂ ಕೀಟನಾಶಕ ಉಳಿದಿತ್ತು ಎನ್ನಿ. ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. 50 ಕಿಲೊ ಅಕ್ಕಿ ಮೂಟೆಯಲ್ಲಿ ಎರಡು-ಮೂರು ಕಾಳಿನ ತೂಕ. ಇಡೀ ಬಾತಿನಲ್ಲಿ ಆಗ 20 ಮಿಲಿಗ್ರಾಂ ವಿಷ. 200 ಗ್ರಾಂ ತಿಂದವರ ಹೊಟ್ಟೆಗೆ 0.04 ಮಿಲಿಗ್ರಾಂ. ಈಗ ಶೇಕಡಾ 36ರ ದ್ರಾವಣದ ಅರ್ಧ ಲೀಟರ್ ಬಾಟಲಿ ಒಂದನ್ನು ಅದೇ ಪಾತ್ರೆಗೆ ಸುರಿದರೆ? ಸುಮಾರು 180 ಗ್ರಾಂ ವಿಷ. ಅದೇ 200 ಗ್ರಾಂ ಬಾತಿನಲ್ಲಿ 360 ಮಿಲಿಗ್ರಾಂ! ಒಂಬತ್ತು ಸಾವಿರ ಪಟ್ಟು ವ್ಯತ್ಯಾಸ. ಪ್ರಯೋಗಗಳಲ್ಲಿ ಇಲಿಗಳ ಪೈಕಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ, ದೇಹದ ಪ್ರತಿ ಕಿಲೊ ತೂಕಕ್ಕೆ 14 ಮಿಲಿಗ್ರಾಂ. ಇಲಿಯ ಲೆಕ್ಕ ಮನುಷ್ಯನಿಗೆ ನೇರ ಹೊಂದುವುದಿಲ್ಲ, ನಿಜ. ಆದರೂ 20 ಕಿಲೊ ತೂಕದ ಮಗುವಿಗೆ ಗುಣಿಸಿ ನೋಡಿ: 280 ಮಿಲಿಗ್ರಾಂ. ಒಂದು ತಟ್ಟೆ ಸಾಕು.

ಅಳೆಯುವುದು ಹೇಗೆ? ಮೊದಲು ಅನ್ನ, ಸಾರಿನ ಗೋಜಿನಿಂದ ವಿಷವನ್ನು ಬಿಡಿಸಬೇಕು. ಮಕ್ಕಳೇ, ಸೀಮೆಸುಣ್ಣದ ಕಡ್ಡಿಯ ಬುಡದಿಂದ ಒಂದು ಬೆರಳು ಮೇಲೆ ಕಪ್ಪು ಸ್ಕೆಚ್ ಪೆನ್ನಿನ ಚುಕ್ಕೆ ಇಟ್ಟು, ಚುಕ್ಕೆ ಮುಳುಗದ ಹಾಗೆ ಕಡ್ಡಿಯನ್ನು ನೀರಿನಲ್ಲಿ ನಿಲ್ಲಿಸಿ. ನೀರು ಮೇಲೇರಿದಂತೆ ಆ ಕಪ್ಪಿನೊಳಗಿನ ಬಣ್ಣಗಳು ಒಂದೊಂದೂ ಒಂದೊಂದು ಎತ್ತರಕ್ಕೆ ಹೋಗಿ ಬೇರೆಯಾಗುತ್ತವೆ. ಇದೇ ಕ್ರೊಮೆಟೊಗ್ರಫಿ. ಪ್ರಯೋಗಾಲಯದಲ್ಲಿ ಸೀಮೆಸುಣ್ಣದ ಬದಲು ಸಣ್ಣ ಕೊಳವೆ ಇರುತ್ತದೆ, ಅಷ್ಟೆ. ಬೇರೆಯಾದ ವಸ್ತು ಮಾಸ್ ಸ್ಪೆಕ್ಟ್ರೋಮೀಟರಿಗೆ ಹೋಗುತ್ತದೆ. ಆ ಯಂತ್ರ ಅಣುವನ್ನು ಒಡೆದು ಚೂರುಗಳನ್ನು ತೂಗುತ್ತದೆ. ಮಾನೊಕ್ರೊಟೊಫಾಸ್ ಅಣುವಿನ ತೂಕ 223. ಒಡೆದಾಗ 127, 192 ಮುಂತಾದ ತೂಕದ ಚೂರುಗಳು ಕಾಣುತ್ತವೆ. ಬೆರಳಚ್ಚು ಇದ್ದ ಹಾಗೆ.

ಇನ್ನು ‘ಎಷ್ಟು’ ಎಂಬುದಕ್ಕೆ ನಿಮ್ಮ ಗ್ರಾಫ್ ಹಾಳೆಯೇ ಬೇಕು. 1, 2, 5, 10 ಮಿಲಿಗ್ರಾಂ ಎಂದು ತಿಳಿದ ಪ್ರಮಾಣದ ದ್ರಾವಣಗಳನ್ನು ಮೊದಲು ಯಂತ್ರಕ್ಕೆ ಕೊಟ್ಟು ಸರಳರೇಖೆ ಎಳೆಯುತ್ತಾರೆ. ಪ್ರಸಾದದ ಅಂಕಿ ಆ ರೇಖೆಯ ಮೇಲೆ ಎಲ್ಲಿ ಬೀಳುತ್ತದೆ ಎಂದು ನೋಡುತ್ತಾರೆ. ಜೊತೆಗೆ ವಿಷ ಬೆರೆಯದ ಅಕ್ಕಿ, ಹಣ್ಣು, ನೀರಿನ ಮಾದರಿಯನ್ನೂ ಹೀಗೆಯೇ ಪರೀಕ್ಷಿಸಬೇಕು. ಇದನ್ನು ಬಿಟ್ಟರೆ ವಕೀಲರ ಪ್ರಶ್ನೆಗೆ ಉತ್ತರವಿಲ್ಲ.

ಕೊಳ್ಳೇಗಾಲ, ಯಳಂದೂರಿನ ರೇಷ್ಮೆ ಬೆಳೆಗಾರರಿಗೆ ಈ ಸೂಕ್ಷ್ಮವೆಲ್ಲ ಯಂತ್ರವಿಲ್ಲದೆಯೇ ಗೊತ್ತು. ಪಕ್ಕದ ಹೊಲದ ಔಷಧಿ ಗಾಳಿಗೆ ಹಾರಿ ಹಿಪ್ಪುನೇರಳೆ ಎಲೆಗೆ ತಾಗಿದರೆ ಸಾಕು, ಹುಳು ಸಾಯುತ್ತದೆ. ಆದರೆ ಹುಳು ವಿಷದ ಹೆಸರು ಹೇಳದು, ಪ್ರಮಾಣವನ್ನೂ ಹೇಳದು.

ಯಂತ್ರಕ್ಕೂ ಮಿತಿಯಿದೆ. ಬಾಟಲಿಯನ್ನು ಸುರಿದ ಕೈ ಯಾರದು ಎಂದು ಅದು ಹೇಳಲಾರದು. ಅದು ಪೊಲೀಸರು, ಸಾಕ್ಷಿಗಳು, ನ್ಯಾಯಾಲಯದ ಪಾಲಿನ ಕೆಲಸ. ಮಾದರಿ ಕೆಟ್ಟಿದ್ದರೆ ಯಂತ್ರದ ಉತ್ತರವೂ ಕೆಡುತ್ತದೆ. ಆದ್ದರಿಂದಲೇ ಶವಪರೀಕ್ಷೆಯಲ್ಲಿ ತೆಗೆದ ಜಠರ, ಯಕೃತ್ತಿನ ಭಾಗಗಳನ್ನು ಗಟ್ಟಿ ಉಪ್ಪುನೀರಿನಲ್ಲಿಟ್ಟು ಮೊಹರು ಹಾಕಿ ಕಳಿಸುವುದು ನಮ್ಮಲ್ಲಿ ರೂಢಿ.

ಬದುಕಿದವರ ರಕ್ತದಲ್ಲೂ ಸಾಕ್ಷ್ಯವಿರುತ್ತದೆ. ನರಗಳು ಸಂದೇಶ ಕಳಿಸಲು ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಬಳಸುತ್ತವೆ. ಕೆಲಸ ಮುಗಿದೊಡನೆ ಅದನ್ನು ಗುಡಿಸಿ ಹಾಕುವುದು ಕೋಲಿನೆಸ್ಟರೇಸ್ ಎಂಬ ಕಿಣ್ವ. ಮಾನೊಕ್ರೊಟೊಫಾಸ್ ಈ ಜಾಡಮಾಲಿಯ ಕೈ ಕಟ್ಟಿಹಾಕುತ್ತದೆ. ಸಂದೇಶ ನಿಲ್ಲುವುದೇ ಇಲ್ಲ. ಜೊಲ್ಲು, ಬೆವರು, ನಡುಕ, ಸೂಜಿಮೊನೆಯಷ್ಟಾದ ಕಣ್ಣಪಾಪೆ. 1961ರಲ್ಲಿ ಎಲ್ಮನ್ ಎಂಬ ವಿಜ್ಞಾನಿ ರೂಪಿಸಿದ ಪರೀಕ್ಷೆಯಲ್ಲಿ ಕಿಣ್ವ ಚುರುಕಾಗಿದ್ದರೆ ದ್ರಾವಣಕ್ಕೆ ಹಳದಿ ಬಣ್ಣ ಬೇಗ ಬರುತ್ತದೆ, ಕಟ್ಟಿಹಾಕಿದ್ದರೆ ನಿಧಾನ. ಆ ಹಳದಿಯನ್ನು ಅಳೆದರೆ ದೇಹಕ್ಕೆ ಆದ ಹಾನಿಯ ಅಂದಾಜು ಸಿಗುತ್ತದೆ.

ಆದರೆ ವೈದ್ಯರು ಇಷ್ಟೆಲ್ಲ ಕಾಯಲಾರರು. ಲಕ್ಷಣ ಕಂಡೊಡನೆ ಅಟ್ರೋಪಿನ್ ಕೊಡಲೇಬೇಕು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಹಳ್ಳಿಯ ಶಾಲೆಯ ಬಿಸಿಯೂಟದಲ್ಲಿ 23 ಮಕ್ಕಳನ್ನು ಬಲಿ ತೆಗೆದುಕೊಂಡದ್ದೂ ಇದೇ ಮಾನೊಕ್ರೊಟೊಫಾಸ್. ಅದರ ಶೇಕಡಾ 36ರ ದ್ರಾವಣವನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2023ರಲ್ಲಿ. ಅಟ್ಟದ ಮೇಲೆ, ಪಂಪ್‌ಸೆಟ್ ಮನೆಯಲ್ಲಿ ಹಳೆಯ ಬಾಟಲಿಗಳು ಇನ್ನೂ ಇರಬಹುದು; ಬೇರೆ ಹೆಸರಿನ ಕೀಟನಾಶಕಗಳಂತೂ ಇದ್ದೇ ಇವೆ. ಮನೆಯಲ್ಲಿ ಯಾರಾದರೂ ಅಂಥದ್ದನ್ನು ನುಂಗಿದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಬಾಟಲಿ ಕೈಗೆ ಸಿಕ್ಕರೆ ಚೀಟಿ ಕೀಳದೆ ಜೊತೆಗೆ ಕೊಂಡುಹೋಗಿ. ಸುಳ್ವಾಡಿಯವರಿಗೆ ಹಾಗೆ ತೋರಿಸಲು ಬಾಟಲಿಯೇ ಇರಲಿಲ್ಲ.