ಎಲುಬು ಮುಟ್ಟಿದ ಕೈ

"ಇಷ್ಟ ಕಲ್ತು ದನದ ಎಲುಬು ಆರಿಸಾಕ ಹೊಂಟಾಳಂತ!" ಯಲಬುರ್ಗಾದಲ್ಲಿ ನನ್ನ ಹತ್ತಿರ ಕಲಿತ ಹುಡುಗಿಯೊಬ್ಬಳ ಬಗ್ಗೆ ಓಣಿಯ ಹೆಂಗಸರು ಹೀಗೆಂದು ನಕ್ಕಾಗ ನಾನೂ ಸುಮ್ಮನಿದ್ದೆ. ಆ ತಪ್ಪಿಗೆ ಈ ಬರಹ.

ಆಕೆ ಪುರಾತತ್ವದಲ್ಲಿ ಎಂ.ಎ. ಮಾಡಿ, ಉತ್ಖನನದಲ್ಲಿ ಸಿಕ್ಕ ಪ್ರಾಣಿಗಳ ಎಲುಬು ಗುರುತಿಸುವುದನ್ನು ಕಲಿತಳು. ಇದೇನು ಸಣ್ಣ ವಿದ್ಯೆಯೇ? ದನದ ಸಂತೆಯಲ್ಲಿ ನಮ್ಮ ರೈತರು ಹೋರಿಯ ಬಾಯಿ ಬಿಡಿಸಿ, ಹಲ್ಲು ನೋಡಿ ವಯಸ್ಸು ಹೇಳುತ್ತಾರಲ್ಲ, ಅದನ್ನೇ ಇವರು ನಾಲ್ಕು ಸಾವಿರ ವರ್ಷ ಮಣ್ಣಲ್ಲಿದ್ದ ಮುರುಕು ದವಡೆಯಿಂದ ಹೇಳಬೇಕು. ಕುರಿಯದೋ ಆಡಿನದೋ? ಕತ್ತಿಯ ಗಾಯವೋ ನಾಯಿಯ ಹಲ್ಲಿನ ಗುರುತೋ? ಎಳೆಯದನ್ನೇ ಕೊಯ್ದರೋ, ಮುದಿಯಾಗುವ ತನಕ ಸಾಕಿದರೋ?

ನಮ್ಮ ಸೀಮೆಯ ಚರಿತ್ರೆಯೇ ದನಗಾಹಿಗಳ ಚರಿತ್ರೆ. ಹಂಪಿ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ಜನ ವಾಲಿಯ ಚಿತೆ ಎನ್ನುತ್ತಾರೆ. ಇಂಥ ದಿಬ್ಬಗಳು ದನದ ದೊಡ್ಡಿಯ ಸಗಣಿ ಸುಟ್ಟು ಆದವೆಂದು 1957ರಲ್ಲಿ ಉಟ್ನೂರನ್ನು ಅಗೆದ ಆಲ್ಚಿನ್ ತೋರಿಸಿದರು. ಅಲ್ಲಿ ಗೊರಸಿನ ಗುರುತುಗಳೂ ಉಳಿದಿದ್ದವು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಕುದುರೆಯ ಎಲುಬು ಸಿಕ್ಕಿದೆ ಎಂದು ಕೆ.ಆರ್. ಆಲೂರರು ಬರೆದದ್ದಕ್ಕೆ ವಿದ್ವಾಂಸರು ವರ್ಷಗಟ್ಟಲೆ ವಾದಿಸಿದರು. ಒಂದು ಎಲುಬಿಗೆ ಅಷ್ಟು ತೂಕ!

ಅದನ್ನು ಓದುವವಳಿಗೆ? ಅಗೆತದ ಹಂಗಾಮಿನಲ್ಲಿ ದಿನಗೂಲಿ. ಗುಂಡಿ ಮುಚ್ಚಿದ ಮೇಲೆಯೇ ನಿಜವಾದ ಕೆಲಸ: ತೊಳೆಯುವುದು, ವಿಂಗಡಿಸುವುದು, ಅಳೆಯುವುದು, ಬರೆಯುವುದು. ಆ ತಿಂಗಳುಗಳಿಗೆ ಪಗಾರವೇ ಇಲ್ಲ. "ನಿನಗ ಅನುಭವ ಆಗ್ತೈತಿ ತಂಗಿ" ಎಂದರಂತೆ. ಅನುಭವದಿಂದ ಒಲೆ ಉರಿಯುತ್ತದೆಯೇ? ವರದಿಯಲ್ಲಿ ಅವಳ ಹೆಸರೂ ಬರಲಿಲ್ಲ. ಇತ್ತ ನೋಡಲು ಬಂದ ಗಂಡಿನವರು, "ಎಲುಬು ಮುಟ್ಟಿದ ಕೈಲೆ ಅಡಿಗಿ ಹೆಂಗ?" ಎಂದು ಎದ್ದು ಹೋದರು.

ಈಗ ಆಕೆ ಗಂಗಾವತಿಯ ಖಾಸಗಿ ಶಾಲೆಯೊಂದರಲ್ಲಿ ಮಗ್ಗಿ ಹೇಳಿಕೊಡುತ್ತಾಳೆ. "ಪಗಾರ ಇಲ್ಲೂ ಕಡಿಮೀರಿ ಅಕ್ಕೋರ. ಆದ್ರ ಹಾಜರಿ ಪುಸ್ತಕದಾಗ ಹೆಸರರ ಐತಿ" ಎಂದಳು.

ಹಣವಿಲ್ಲ ಎನ್ನುವವರನ್ನು ಕೇಳುತ್ತೇನೆ: ಅಗೆಯಲು ಇದ್ದ ಹಣ, ಅಗೆದದ್ದನ್ನು ಓದಲು ಯಾಕಿಲ್ಲ? ಓದದ ಎಲುಬು ಗೋಣಿಚೀಲದ ಕಸ. ಗುದ್ದಲಿ ಹಾಕುವ ಮೊದಲೇ ಈ ಕೆಲಸಕ್ಕೆ ದುಡ್ಡು ತೆಗೆದಿಡಲಿ. ವರದಿಯಲ್ಲಿ ಹೆಸರು ಹಾಕಲಿ. ವಸ್ತುಸಂಗ್ರಹಾಲಯಗಳಲ್ಲಿ ಕಾಯಂ ಹುದ್ದೆ ಕೊಡಲಿ.

ಹಿರೇಬೆಣಕಲ್ಲಿನ ಶಿಲಾ ಸಮಾಧಿಗಳು 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದಾಗ ಕೊಪ್ಪಳದವರೆಲ್ಲ ಹೆಮ್ಮೆಪಟ್ಟೆವು. ಸತ್ತವರ ಕಲ್ಲಿಗೆ ಇರುವ ಮರ್ಯಾದೆ ಬದುಕಿರುವ ನಮ್ಮ ಹುಡುಗಿಗೆ ಬೇಡವೇ? ತಾಯಂದಿರೇ, ಸರಕಾರವನ್ನು ಕೇಳುವುದು ಇದ್ದೇ ಇದೆ. ಮೊದಲು ನಾವು ನಗುವುದನ್ನು ನಿಲ್ಲಿಸೋಣ.